ಎಡಗಡೆ ಯಾರ ಕೈ?

ಜನವರಿ ೯

ಪ್ರೀತಿಯ ಅಣ್ಣನಿಗೆ ತಮ್ಮನ ನಮಸ್ಕಾರ.

ಅತ್ತಿಗೆಗೂ ನಮಸ್ಕಾರ ತಿಳಿಸು. ನಾನಿನ್ನೂ ಮುಖ ನೋಡದ ನಿನ್ನ ಮಗಳಿಗೆ ಈ ಚಿಕ್ಕಪ್ಪನ ಆಶೀರ್ವಾದ. ಕಾಗದ ತಡವಾಯಿತು, ಬೈದುಕೋ. ಹೋದ ಮಳೆಗಾಲದಲ್ಲೇ ಅರ್ಧ ಬರೆದಿಟ್ಟಿದ್ದೆ. ಪೂರ್ತಿ ಮಾಡೋಣವೆಂದು ಕೂತಾಗಲೆಲ್ಲ ಅಪ್ಪ ಮೇಲಿನ ಕೋಣೆಯಿಂದ ಕೋಲು ಕುಟ್ಟುತ್ತಾನೆ. ಒಂದು ಸಲ ಕುಟ್ಟಿದರೆ ನೀರು ಬೇಕು, ಎರಡು ಸಲ ಕುಟ್ಟಿದರೆ ಮಗ್ಗುಲು ಬದಲಿಸಬೇಕು. ಕುಟ್ಟುತ್ತಲೇ ಇದ್ದರೆ, ನಾನು ಕೆಳಗೆ ಯಾರ ಜೊತೆಗೋ ನಗುತ್ತಾ ಮಾತಾಡಿದ್ದು ಅವನಿಗೆ ಕೇಳಿಸಿದೆ ಎಂದರ್ಥ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ಕಿವಿ ಮಾತ್ರ ಬೆಕ್ಕಿನದು.

ವಿಷಯಕ್ಕೆ ಬರುತ್ತೇನೆ. ನಮ್ಮ ಸೊಟ್ಟಕ್ಕ ವಾಪಸು ಬಂದಿದ್ದಾಳೆ.

ಹೌದು, ಅವಳೇ. ನೀನೂ ನಾನೂ ಅಪ್ಪನೂ ಸೇರಿ ಕಟ್ಟಿದ ಹಡಗು. ನೀನು ಊರು ಬಿಟ್ಟ ಮೇಲೆ ಅವಳ ಬಾಳು ಏನಾಯಿತೆಂದು ನಿನಗೆ ಯಾರೂ ಹೇಳಿರಲಾರರು, ನಾನೇ ಹೇಳುತ್ತೇನೆ. ಮೊದಲ ಯಜಮಾನ, ಆ ಉಪ್ಪಿನ ವ್ಯಾಪಾರಿ, ಅವಳಿಗೆ ತನ್ನ ಹೆಂಡತಿಯ ಹೆಸರಿಟ್ಟಿದ್ದನಲ್ಲ? ಹಡಗು ಎಡಕ್ಕೆ ಎಳೆಯುತ್ತದೆ ಎಂದು ಊರೆಲ್ಲ ನಗಲು ಶುರುಮಾಡಿದ ಮೇಲೆ ಆ ಹೆಂಗಸು ಜಗಳ ತೆಗೆದು ಹೆಸರನ್ನೇ ಕೆರೆಸಿ ಹಾಕಿದಳು. ಎರಡನೆಯವನು ಹಸಿರು ಬಣ್ಣ ಬಳಿದು, ತನ್ನ ತಾಯಿಯ ಹೆಸರು ಬರೆಸಿ, ಹಂಚು, ಹಗ್ಗ, ಹತ್ತಿ ಸಾಗಿಸಿದ. ಅವಳ ಒಳ್ಳೆಯ ಕಾಲವೆಂದರೆ ಅದೇ. ಗಾಳಿ ಕಮ್ಮಿ ಇದ್ದಾಗಲೂ ಹಗುರಾಗಿ ಹೋಗುತ್ತಿದ್ದಳಂತೆ. ಚುಕ್ಕಾಣಿಯನ್ನು ಮಾತ್ರ ಸದಾ ಬಲಕ್ಕೆ ಎಳೆದು ಹಿಡಿದಿರಬೇಕು. ಅವಳ ಮೇಲೆ ನಾಲ್ಕು ವರ್ಷ ದುಡಿದವನು ದಡಕ್ಕಿಳಿದು ಬೀದಿಯಲ್ಲಿ ನಡೆದರೂ ಬಲಗಡೆ ಗೋಡೆಗೆ ಹೋಗಿ ತಾಗುತ್ತಾನೆ ಎಂದು ನಾವಿಕರ ಗೇಲಿ. ಮೂರನೆಯವನಿಗೆ ಅವಸರ. ಎಂಜಿನ್ ಕೂರಿಸಿದ. ಅದರ ಅದುರಾಟಕ್ಕೆ ಹಲಗೆಗಳ ಸಂದಿಯೆಲ್ಲ ಬಾಯಿ ಬಿಟ್ಟಿತು. ಎಂಜಿನ್ ಕಿತ್ತು ಮಾರಿ, ಅವಳನ್ನು ಹಳೇ ಬಂದರಿನ ಮೂಲೆಗೆ ಕಟ್ಟಿಹಾಕಿ, ಈರುಳ್ಳಿ ತುಂಬುವ ಉಗ್ರಾಣ ಮಾಡಿಕೊಂಡ. ಎಷ್ಟೋ ವರ್ಷ ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ಅಲ್ಲೇ ಇದ್ದಳು. ಹೋದ ವಾರ ನಮ್ಮ ಹಡಗು ಕಟ್ಟುವ ಅಂಗಳಕ್ಕೆ ಎಳೆದು ತಂದಾಗ ಹೊಟ್ಟೆಯೊಳಗೆ ಬಿದ್ದಿದ್ದ ಈರುಳ್ಳಿ ಮೊಳಕೆಯೊಡೆದು ಹೂ ಬಿಟ್ಟಿತ್ತು. ಮೂರು ಯಜಮಾನರು ಏನೇನೋ ಹೆಸರಿಟ್ಟರೂ ಜನರ ಬಾಯಲ್ಲಿ ಉಳಿದದ್ದು ಸೊಟ್ಟಕ್ಕ ಒಂದೇ.

ಈಗ ಕೊಂಡವನು ಒಬ್ಬ ಕ್ಯಾಪ್ಟನ್. ಗೊಗ್ಗರು ದನಿ, ಪಿಸುಗುಟ್ಟಿದರೂ ಬೀದಿಗೆ ಕೇಳಿಸುತ್ತದೆ. ಹಡಗಿನ ಸುತ್ತ ಒಂದು ಸುತ್ತು ಹಾಕಿ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ: "ಮೇಸ್ತ್ರಿ, ಇವಳ ಸೊಟ್ಟ ತೆಗೀರಿ. ಆದ್ರೆ ಸಮುದ್ರ, ಆಗ್ದಿದ್ರೆ ಸೌದೆ. ಸಮುದ್ರ ಅಂತಾದ್ರೆ ಹಡಗಿನ ಬಡಗಿಯಾಗಿ ನೀವೇ ನನ್ನ ಜೊತೆ ಬನ್ನಿ. ಕಟ್ಟಿದೋರು ಮೇಲಿದ್ರೆ ನಂಗೆ ನಿದ್ದೆ ಬರುತ್ತೆ."

ಅಣ್ಣಾ, ನನ್ನ ತಲೆ ಅರ್ಧ ಬೆಳ್ಳಗಾಗಿದೆ. ಹುಟ್ಟಿದಾಗಿನಿಂದ ಹಡಗು ಕಟ್ಟಿದ್ದೇನೆ. ಬಂದರಿನ ಬಾಯಲ್ಲಿರುವ ದೀಪದ ಕಂಬದಾಚೆ ಒಂದು ದಿನವೂ ಹೋದವನಲ್ಲ. ಇದನ್ನು ಕ್ಯಾಪ್ಟನ್‌ಗೆ ಹೇಳಲು ನಾಚಿಕೆಯಾಗಿ ಹಡಗಿನ ಹಲಗೆ ತಟ್ಟಿ ನೋಡತೊಡಗಿದೆ.

ಹಡಗು ಬಂದದ್ದನ್ನು ಅಪ್ಪನಿಗೆ ಹೇಳಿದೆ. ಕಿಟಕಿಯಿಂದ ಹಡಗು ಪೂರ್ತಿ ಕಾಣುತ್ತದೆ, ಖುಷಿಪಡುತ್ತಾನೆ ಎಂದುಕೊಂಡೆ. ಒಮ್ಮೆ ನೋಡಿದ. "ನನ್ನ ಮಂಚ ಗೋಡೆ ಕಡೆ ತಿರುಗ್ಸು" ಅಂದ. ತಿರುಗಿಸಿದೆ. ನಿನ್ನ ನೆನಪಾಗಿ ಹಾಗೆ ಅಂದನೇನೋ.

ಅವಳನ್ನು ಮೊದಲ ಸಲ ನೀರಿಗಿಳಿಸಿದ ದಿನ ನನಗೆ ಮರೆತಿಲ್ಲ. ನಮ್ಮ ಅಂಗಳದ ಕ್ರಮದಂತೆ ಎಡ ಮಗ್ಗುಲು ನಿನ್ನ ಪಾಲು, ಬಲ ಮಗ್ಗುಲು ನನ್ನ ಪಾಲು, ಅಡಿಮರ ಅಪ್ಪನದು. ಹಡಗಿನ ಬೆನ್ನೆಲುಬೇ ಅದಾದ್ದರಿಂದ ಅದನ್ನು ಕೆತ್ತುವಾಗ ಯಾರೂ ಹತ್ತಿರ ಸುಳಿಯಬಾರದಿತ್ತು. ಅಮ್ಮ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಹಾಯಿ ಬಿಚ್ಚಿದರು, ಗಾಳಿ ತುಂಬಿತು, ಹಡಗು ತನ್ನಷ್ಟಕ್ಕೆ ಎಡಕ್ಕೆ ತಿರುಗಿ ಮರಳ ದಿಬ್ಬಕ್ಕೆ ಹೋಗಿ ಕೂತಿತು. ಊರೆಲ್ಲ ದಡದಲ್ಲಿ ನಿಂತಿತ್ತು. ಅಪ್ಪ ಕೂಗಾಡಲಿಲ್ಲ. ಒಂದೇ ಮಾತು ಕೇಳಿದ: "ಎಡಗಡೆ ಯಾರ ಕೈ?" ನೀನು ಬಾಚಿಯನ್ನು ನೀರಿಗೆಸೆದು ನಡೆದುಬಿಟ್ಟೆ. ಒದ್ದೆ ಕಾಲಿನಲ್ಲೇ ಹೋದೆ, ಚಪ್ಪಲಿ ಇಲ್ಲೇ ಉಳಿಯಿತು.

ಈಗ ಕೇಳುವುದಿಷ್ಟೆ. ಒಂದು ಹಂಗಾಮು ಇಲ್ಲಿ ಬಂದು ಇರು. ಅಪ್ಪ ಬೇರೆಯವರ ಕೈಯಿಂದ ಊಟ ಮಾಡುವುದಿಲ್ಲ, ಹಲ್ಲು ಕಚ್ಚಿಬಿಡುತ್ತಾನೆ. ಮಗನ ಕೈಯೇ ಬೇಕು. ಆ ಮನುಷ್ಯನಿಗೆ ಇಬ್ಬರು ಮಕ್ಕಳಿದ್ದಾರೆ ಎಂಬುದು ಲೋಕಕ್ಕೆ ಮರೆತಿದೆ, ನನಗೆ ಮರೆತಿಲ್ಲ.

ನಿನ್ನ ದಾರಿ ನೋಡುವ
ತಮ್ಮ

ಮರೆತಿದ್ದೆ: ಮರದ ವ್ಯಾಪಾರಿ ನಿಮ್ಮೂರಿಗೆ ಬಂದಿದ್ದನಂತೆ. ಅಲ್ಲಿ ನಿನ್ನನ್ನು 'ಮೂರಳತೆ ಮೇಸ್ತ್ರಿ' ಅನ್ನುತ್ತಾರಂತೆ. ಒಂದು ಬಾಗಿಲಿಗೆ ಮೂರು ಸಲ ಅಳೆಯುತ್ತೀಯಂತೆ. ಕೇಳಿ ನಕ್ಕೆ. ಆಮೇಲೆ ಅಪ್ಪನ ಕೋಣೆಯ ಏಣಿ ಹತ್ತುವಾಗ ನಗು ನಿಂತುಹೋಯಿತು.

*

ಫೆಬ್ರವರಿ ೨

ಅಣ್ಣಾ,

ನಿನ್ನ ಉತ್ತರ ಬಂತು. ಅದನ್ನು ಉತ್ತರ ಅನ್ನಬೇಕೆ? ಎರಡು ಸಾಲು. "ತಪ್ಪು ಮಾಡಿದ ಕೈ ಮತ್ತೆ ಆ ಹಡಗನ್ನು ಮುಟ್ಟುವುದಿಲ್ಲ. ಅಪ್ಪನಿಗೆ ಔಷಧ ಬೇಕಿದ್ದರೆ ತಿಳಿಸು." ಓದಿ ಸಿಟ್ಟು ನೆತ್ತಿಗೇರಿತು. ಔಷಧ ತರಲು ನನಗೂ ಬರುತ್ತದೆ ಮಹಾರಾಯ, ಅಂಗಡಿ ಎದುರಿಗೇ ಇದೆ. ಆ ಸಿಟ್ಟಿನಲ್ಲಿ ಒಂದು ವಾರ ಪೆನ್ನು ಹಿಡಿಯಲಿಲ್ಲ. ಈಗ ಹಿಡಿದಿದ್ದೇನೆ. ಕೂತುಕೊಂಡು ಓದು.

ಕ್ಯಾಪ್ಟನ್ ಸೊಟ್ಟ ತೆಗೆಯಲು ಹೇಳಿದ್ದನಲ್ಲ, ಸೊಟ್ಟ ಎಲ್ಲಿದೆ ಎಂದು ಮೊದಲು ಗೊತ್ತಾಗಬೇಡವೆ? ಅರಳೆ ಅಜ್ಜನನ್ನು ಜೊತೆಗೆ ಕರೆದುಕೊಂಡೆ. ಅವನ ನೆನಪಿದೆಯೆ, ಹಲಗೆ ಸಂದಿಗೆ ಎಣ್ಣೆ ಹಾಕಿದ ಅರಳೆ ತುಂಬುತ್ತಿದ್ದವನು? ಸುತ್ತಿಗೆ ಸದ್ದಿಗೆ ಕಿವಿ ಪೂರ್ತಿ ಹೋಗಿದೆ. ನಾನು ಮರ ಅಂದರೆ ಅವನು ಮಳೆಯಾ ಅನ್ನುತ್ತಾನೆ. ಕಣ್ಣು, ಕೈ ಮಾತ್ರ ಹಾಗೇ ಇವೆ. ಹಲಗೆ ಬಿಚ್ಚಿದೆವು. ನಿನ್ನ ಕಡೆಯ ಪಕ್ಕೆಮರಗಳನ್ನು ನನ್ನ ಕಡೆಯವುಗಳ ಜೊತೆ ಒಂದೊಂದಾಗಿ ಅಳೆದೆ. ಮೂಗಿನಿಂದ ಬಾಲದವರೆಗೆ ಅಳೆದೆ. ಅಣ್ಣಾ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎರಡು ಕಡೆಯೂ ಒಂದೇ.

ಹಾಗಾದರೆ ಎಳೆತ ಎಲ್ಲಿಂದ? ಅಡಿಮರದ ಕೆಳಗೆ ಕಲ್ಲು ಮರಳು ತಾಗದಿರಲೆಂದು ಉದ್ದಕ್ಕೂ ಒಂದು ಕಾಪುಹಲಗೆ ಹೊಡೆದಿರುತ್ತೇವಲ್ಲ, ಅದು ಹುಳ ತಿಂದು ಹೋಗಿತ್ತು. ಕಿತ್ತು ಹಾಕಿದೆ. ಕೆಸರಿನಲ್ಲಿ ಅಂಗಾತ ಮಲಗಿ, ಮೂಗಿನಿಂದ ಬಾಲಕ್ಕೆ ನೂಲು ಬಿಗಿದು ನೋಡಿದೆ. ನೂಲು ನೆಟ್ಟಗಿತ್ತು. ಅಡಿಮರ ನೆಟ್ಟಗಿರಲಿಲ್ಲ. ನಡುವಿನಲ್ಲಿ ಬಿಲ್ಲಿನ ಹಾಗೆ ಎಡಕ್ಕೆ ಬಾಗಿತ್ತು. ಬಾಗಿನಿಂದ ತಗ್ಗಾದ ಕಡೆ ಹೊರಗೆ ಕಾಣದಂತೆ ಸಣ್ಣ ಸಣ್ಣ ಚಕ್ಕೆಗಳನ್ನು ಒಂದಕ್ಕೊಂದು ಸೇರಿಸಿ, ಉಜ್ಜಿ, ಹೊರಮೈ ನೆಟ್ಟಗೆ ಕಾಣುವಂತೆ ಮಾಡಿ, ಅದರ ಮೇಲೆ ಕಾಪುಹಲಗೆ ಹೊಡೆದಿದ್ದರು. ಅಂಥ ಕೆಲಸವನ್ನು ನಾನು ನೋಡಿಯೇ ಇಲ್ಲ. ಮರ ಮುಟ್ಟಿದವನಿಗೂ ಅದು ಗೊತ್ತಾಗುವಂತಿರಲಿಲ್ಲ.

ಅರಳೆ ಅಜ್ಜ ಚಕ್ಕೆಯ ಮೇಲೆ ಬೆರಳಾಡಿಸಿದ. ಬಾಚಿಯ ಏಟಿನ ಗುರುತು ನಮ್ಮೆಲ್ಲರದಕ್ಕೆ ತಿರುವುಮುರುವಾಗಿ ಇಳಿದಿತ್ತು. ನನ್ನ ಮುಖ ನೋಡಿ, ತನಗೆ ಕೇಳಿಸದ ದೊಡ್ಡ ದನಿಯಲ್ಲಿ ಹೇಳಿದ: "ಇದು ಎಡಗೈ ಏಟು ಕಣಪ್ಪಾ."

ಊರಿಗೆಲ್ಲ ಎಡಚ ಮೇಸ್ತ್ರಿ ಎಂದು ಹೆಸರಾದವನು ಒಬ್ಬನೇ, ನಮ್ಮ ಅಪ್ಪ.

ಅಂದರೆ ಅವನಿಗೆ ಗೊತ್ತಿತ್ತು. ದಡದ ಮೇಲೆ ಊರೆಲ್ಲರ ಎದುರು ನಿನ್ನನ್ನು ಹಾಗೆ ಕೇಳಿದಾಗಲೂ ಗೊತ್ತಿತ್ತು. ನಾನು ಆ ಕೆಸರಿನಲ್ಲಿ ಮಲಗಿದ್ದಾಗಲೇ ಮೇಲೆ ಕೋಲಿನ ಸದ್ದು ಶುರುವಾಯಿತು. ಎರಡು ಸಲ. ಮತ್ತೆ ಎರಡು ಸಲ. ಕುಟ್ಟಲಿ ಎಂದು ಬಿಟ್ಟೆ. ಜೀವನದಲ್ಲಿ ಮೊದಲನೇ ಸಲ ಬಿಟ್ಟೆ. ಕೊನೆಗೆ ಕೋಲಿನ ಸದ್ದು ನಿಂತು, ನನ್ನನ್ನು ಕೂಗುವುದು ಕೇಳಿಸಿತು. ಕೂಗಿ ಕೂಗಿ ದನಿ ಒಡೆಯಿತು. ಆಗ ಎದ್ದು ಹೋದೆ. ಮಗ್ಗುಲು ಬದಲಿಸಿದೆ. ಬೆನ್ನು ಒರೆಸಿದೆ. ಏನೂ ಕೇಳಲಿಲ್ಲ. ಕೇಳಿದರೆ ಕೈ ಮಾಡಿಬಿಡುತ್ತೇನೋ ಎಂದು ಹೆದರಿಕೆಯಾಯಿತು.

ನಿನ್ನ ಕೈ ತಪ್ಪು ಮಾಡಿಲ್ಲ. ಇದನ್ನು ಹೇಳಲೆಂದೇ ಬರೆದೆ. ಇನ್ನಾದರೂ ಬರುತ್ತೀಯಾ?

ನಿನ್ನ
ತಮ್ಮ

*

ಮಾರ್ಚ್ ೧೪

ಅಣ್ಣನ ಪಾದಕ್ಕೆ ನಮಸ್ಕಾರ.

ಈ ಸಲವೂ ತಡ. ಈ ಸಲ ಕಾರಣವಿದೆ, ಹಡಗು ನೀರಿಗಿಳಿಯಿತು. ಅದಕ್ಕೆ ಮೊದಲು ನಿನ್ನ ಮಗಳ ವಿಷಯ. ನನಗೆ ಕಾಗದ ಬರೆದಿದ್ದಾಳೆ. ಅಕ್ಷರ ಮುತ್ತಿನಂತಿದೆ, ಖಂಡಿತ ಅತ್ತಿಗೆಯ ಕಡೆಯಿಂದ ಬಂದದ್ದು. ನನ್ನ ಪತ್ರ ಓದಿದವನೇ ನೀನು ಊಟದ ತಟ್ಟೆ ಬಿಟ್ಟೆದ್ದು ನಿನ್ನ ಬಡಗಿ ಅಂಗಡಿಗೆ ಹೋದೆಯಂತೆ. ಮಾಡಿಟ್ಟಿದ್ದ ಬಾಗಿಲುಗಳನ್ನೆಲ್ಲ ಅಳೆದೆಯಂತೆ. ಒಂದೂ ತಪ್ಪಿರಲಿಲ್ಲವಂತೆ. ಆಮೇಲೆ ಮರದ ಹೊಟ್ಟಿನ ರಾಶಿಯ ಮೇಲೆ ಕೂತು ಅತ್ತುಬಿಟ್ಟೆಯಂತೆ. "ಅಪ್ಪ ಅಳೋದು ನಾನು ನೋಡೇ ಇರ್ಲಿಲ್ಲ ಚಿಕ್ಕಪ್ಪಾ" ಎಂದು ಬರೆದಿದ್ದಾಳೆ. ಆ ಮಗುವಿಗೆ ನನ್ನ ಮುತ್ತು.

ಅಪ್ಪನನ್ನು ಕೇಳಿದೆ. ಅದನ್ನು ಬರೆಯದೆ ಗತಿಯಿಲ್ಲ.

ಊಟ ಮಾಡಿಸುತ್ತಿದ್ದೆ. ಬಾಯಿ ಒರೆಸಿ, ತಟ್ಟೆ ಕೆಳಗಿಟ್ಟು ಕೇಳಿದೆ: "ಅಪ್ಪಾ, ಅಡಿಮರ ಬಾಗಿತ್ತು. ನಿಂಗೆ ಗೊತ್ತಿತ್ತು."

ಗೋಡೆ ನೋಡುತ್ತಲೇ ಇದ್ದ. ಹಾಗೇ ಜಾರಿಸುತ್ತಾನೆ ಎಂದುಕೊಂಡೆ. ಗೋಡೆಗೇ ಎಂಬಂತೆ ಹೇಳಿದ: "ಮಗ್ಗುಲು ಬದಲಿಸ್ಲಿಲ್ಲ."

ತನ್ನ ಬೆನ್ನಿನ ಮಾತೆಂದುಕೊಂಡು ನಾನು ತಿರುಗಿಸಲು ಎದ್ದೆ. ಬೇಡವೆಂದು ಕೈಯಾಡಿಸಿದ. "ಆ ಮರದ್ದು. ಹಸಿ ಮರ. ದಿನಾ ಮಗ್ಗುಲು ಬದಲಿಸ್ಬೇಕಿತ್ತು. ಒಂದೇ ಕಡೆ ಬಿಸಿಲು ತಿಂತು."

ಹಡಗಿಗೆ ತಂದ ಹಸಿ ಮರವನ್ನು ದಿನಾ ಹೊರಳಿಸಬೇಕು, ಇಲ್ಲದಿದ್ದರೆ ಒಣಗಿದ ಕಡೆಗೆ ಬಾಗುತ್ತದೆ ಎಂಬುದು ನಮ್ಮ ಅಂಗಳದ ಬೆಕ್ಕಿಗೂ ಗೊತ್ತು. ಅದನ್ನು ನಮಗೆ ಕಿವಿ ಹಿಂಡಿ ಕಲಿಸಿದವನೇ ಅವನು. "ನೀನು ಮರೆತೆಯಾ?" ಅಂದೆ.

"ಮರೀಲಿಲ್ಲ. ನಿಮ್ಮಮ್ಮನ ಮಗ್ಗುಲು ಬದಲಿಸ್ತಿದ್ದೆ."

ಆಗ ನಾವಿಬ್ಬರೂ ಪಕ್ಕೆಮರ ಆರಿಸಲು ಕಾಡಿಗೆ ಹೋಗಿದ್ದೆವಲ್ಲ ಅಣ್ಣಾ. ಬರುವಷ್ಟರಲ್ಲಿ ಅಮ್ಮನಿಗೆ ಮಾತು ನಿಂತಿತ್ತು. ಅದಕ್ಕೆ ಮುಂಚಿನ ದಿನಗಳ ವಿಷಯ ನಮಗೇನೂ ತಿಳಿಯದು. ಅಪ್ಪ ಒಂದೊಂದೇ ಮಾತು ಎತ್ತಿಟ್ಟ ಹಾಗೆ ಹೇಳಿದ. ಅಮ್ಮನ ಬೆನ್ನೆಲ್ಲ ಹುಣ್ಣಾಗಿತ್ತಂತೆ. ಗಳಿಗೆಗೊಮ್ಮೆ ಹೊರಳಿಸದಿದ್ದರೆ ನರಳುತ್ತಿದ್ದಳಂತೆ. ಬೇರೆ ಹೆಂಗಸರು ಮುಟ್ಟಿದರೆ ನಾಚಿಕೆಯಿಂದ ಅಳುತ್ತಿದ್ದಳಂತೆ. ಕಿಟಕಿಯಿಂದ ಅವನಿಗೆ ಮರ ಕಾಣುತ್ತಿತ್ತು. ಬಿಸಿಲು ಅದರ ಮೇಲೆ ಬರುವುದೂ ಕಾಣುತ್ತಿತ್ತು. ಕೆಳಗಿಳಿದು ಅದನ್ನು ಹೊರಳಿಸಿ ಬರುವಷ್ಟು ಹೊತ್ತೂ ಅವಳು ಕೈ ಬಿಡುತ್ತಿರಲಿಲ್ಲವಂತೆ.

"ಹಾಗಂತ ಹೇಳ್ಬಹುದಿತ್ತಲ್ಲಪ್ಪಾ" ಅಂದೆ.

"ಹೇಳಿದ್ರೆ ಅವಳ ಹೆಸರು ಬರೋದು. ಸಾಯ್ತಾ ಸಾಯ್ತಾ ಹಡಗು ಕೆಡಿಸಿ ಹೋದ್ಳು ಅಂತ ಜನ ಅನ್ನೋರು."

"ಅಣ್ಣನ ಹೆಸರು ಬಂತಲ್ಲ?"

ಅದಕ್ಕೆ ಅವನು ಕೊಟ್ಟ ಉತ್ತರ ನಿನಗೆ ಬರೆಯಬೇಕೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ. "ಅವ್ನು ಬದುಕಿದ್ನಲ್ಲ" ಅಂದ. "ಬದುಕಿರೋನು ತಡ್ಕೋತಾನೆ ಅಂದ್ಕೊಂಡೆ. ಎರಡು ದಿನ ಮುನಿಸ್ಕೊಂಡು ಬರ್ತಾನೆ, ಬಂದಾಗ ಅವನೊಬ್ಬನಿಗೇ ಹೇಳೋಣ ಅಂದ್ಕೊಂಡೆ. ಬರ್ಲೇ ಇಲ್ಲ."

ನಿನ್ನ ಚಪ್ಪಲಿ ಈಗಲೂ ಅವನ ಮಂಚದ ಕೆಳಗಿದೆ. ಅದನ್ನು ಎಸೆಯಲು ಹೋದಾಗಲೆಲ್ಲ ನನಗೆ ಯಾಕೆ ಬೈಗುಳ ಬೀಳುತ್ತಿತ್ತೆಂದು ಅವತ್ತು ತಿಳಿಯಿತು. ನನ್ನ ಸಿಟ್ಟು ಇಳಿಯಿತು ಎಂದು ಸುಳ್ಳು ಹೇಳಲಾರೆ. ಆದರೆ ಅದನ್ನು ಯಾರ ಮೇಲೆ ಇಡಬೇಕೆಂದು ಗೊತ್ತಾಗಲಿಲ್ಲ. ಅಮ್ಮನ ಮೇಲೆ ಇಡಲೇ?

ಹಡಗಿನ ಸಂಗತಿ. ಅಡಿಮರ ಬದಲಿಸುವುದೆಂದರೆ ಹಡಗನ್ನೇ ಬದಲಿಸಿದಂತೆ, ಅದು ಆಗದ ಮಾತು. ಹೊಸ ಕಾಪುಹಲಗೆಯನ್ನು ಹಿಂದುಗಡೆ ಆಳವಾಗಿ ಕೂರಿಸಿದೆ, ಚುಕ್ಕಾಣಿಯನ್ನು ಒಂದು ಬೆರಳು ಬಲಕ್ಕೆ ಸರಿಸಿದೆ. ಕ್ಯಾಪ್ಟನ್‌ಗೆ ಸೊಟ್ಟ ಎಲ್ಲಿದೆ ಎಂದು ತೋರಿಸಿ, ಪೂರ್ತಿ ಹೋಗುವುದಿಲ್ಲ ಎಂದು ಹೇಳಿದೆ. ಸೌದೆ ಅನ್ನುತ್ತಾನೆ ಎಂದುಕೊಂಡಿದ್ದೆ. "ಎಲ್ಲಿದೆ ಅಂತ ಗೊತ್ತಾಯ್ತಲ್ಲ, ಸಾಕು ಬಿಡಿ" ಅಂದ. "ನನ್ನ ಹೆಂಡ್ತಿ ಜೊತೆ ಬಾಳ್ತಿರೋದೂ ಹಾಗೇ."

ನನ್ನ ಹತ್ಯಾರದ ಪೆಟ್ಟಿಗೆಯನ್ನು ಹಿಂದಿನ ದಿನವೇ ಹಡಗಿಗೆ ಸಾಗಿಸಿದ್ದೆ. ನೀನು ಬರುತ್ತೀಯೆಂದು ಅಲ್ಲ, ಬರದಿದ್ದರೂ ಹೋಗುತ್ತೇನೆಂದು. ಅಪ್ಪನನ್ನು ನೋಡಿಕೊಳ್ಳಲು ಅರಳೆ ಅಜ್ಜ ಒಪ್ಪಿದ್ದ. ಬೆಳಿಗ್ಗೆ ಅವನು ತುತ್ತು ಹಿಡಿದು ಕೂತರೆ ಅಪ್ಪ ಹಲ್ಲು ಕಚ್ಚಿದ. ನಾನು ಏಣಿ ಇಳಿದೆ. ಹಲಗೆಯ ಮೇಲೆ ಹೆಜ್ಜೆಯಿಟ್ಟು ಹಡಗು ಹತ್ತಿಯೂ ಆಗಿತ್ತು. ಆಗ ಅಪ್ಪ ಎರಡು ಸಲ ಕುಟ್ಟಿದ. ಅಜ್ಜನಿಗೆ ಅದು ಕೇಳಿಸುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ ನೋಡು. ಕಿವುಡನನ್ನು ಕಾವಲಿಗಿಟ್ಟು ಸಮುದ್ರಕ್ಕೆ ಹೊರಟವನು ನಾನು. ಬೇಕಾದರೆ ನಗು.

ಇಳಿದುಬಿಡಲು ತಿರುಗಿದೆ. ಪೆಟ್ಟಿಗೆ ಎತ್ತಲು ಹೋದರೆ ಕ್ಯಾಪ್ಟನ್ ಅದರ ಮೇಲೆ ಕಾಲಿಟ್ಟ. "ಅದು ಇರ್ಲಿ ಮೇಸ್ತ್ರಿ. ನಿಮ್ಮ ಜಾಗ ಹಿಡ್ಕೊಂಡಿರುತ್ತೆ" ಅಂದ. ಅಪ್ಪನ ಮಗ್ಗುಲು ಬದಲಿಸುವಾಗ ಕಿಟಕಿಯಿಂದ ನೋಡಿದೆ. ಸೊಟ್ಟಕ್ಕ ಹಾಯಿ ಬಿಚ್ಚಿ, ಚೂರೇ ಚೂರು ಎಡಕ್ಕೆ ವಾಲಿ, ದೀಪದ ಕಂಬ ದಾಟಿದಳು. ಅಪ್ಪ "ಹೆಂಗೆ ಹೋಗ್ತಿದೆ?" ಎಂದು ಕೇಳಿದ. "ನೆಟ್ಟಗೆ" ಅಂದೆ. ಮಂಚವನ್ನು ಕಿಟಕಿ ಕಡೆ ತಿರುಗಿಸಲು ಹೇಳಿದ, ತಿರುಗಿಸಿದೆ. ಅಷ್ಟರಲ್ಲಿ ಸಮುದ್ರ ಖಾಲಿಯಾಗಿತ್ತು.

ನನ್ನ ಉಳಿ ಬಾಚಿಗಳೆಲ್ಲ ಈಗ ಯಾವ ಊರಿನಲ್ಲಿವೆಯೋ. ಅಪ್ಪನ ಎಡಗೈ ಬಾಚಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಹೇಗೆ ಹಿಡಿದರೂ ಅದು ನನ್ನ ಕೈಗೆ ಒಗ್ಗುವುದಿಲ್ಲ.

ಅತ್ತಿಗೆಗೆ ಆರೋಗ್ಯ ಜೋಪಾನ ಎಂದು ಹೇಳು. ಮಗಳು ಚೆನ್ನಾಗಿ ಓದಲಿ, ಒಳ್ಳೆಯದಾಗಲಿ. ನಿನಗಿಂತ ಚಿಕ್ಕವನು, ಹರಸುವ ಹಕ್ಕಿಲ್ಲ, ಆದರೂ ಒಂದು ಮಾತು: ಇನ್ನು ಮೇಲೆ ಒಂದೇ ಸಲ ಅಳೆ ಅಣ್ಣಾ.

ನಿನ್ನ
ತಮ್ಮ

ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಇದೊಂದು ಬರೆಯದಿದ್ದರೆ ಉಳಿದದ್ದೆಲ್ಲ ಬರಿ ಸುದ್ದಿ. ನೀನು ಬಾಚಿ ಎಸೆದು ಹೊರಟಾಗ ನಾನು ಕಣ್ಣೀರು ಹಾಕುತ್ತಾ ನಿಂತಿದ್ದೆನಲ್ಲ, ನಿನ್ನ ಮೇಲಿನ ಕನಿಕರಕ್ಕೆ ಎಂದು ನೀನು ತಿಳಿದಿರಬಹುದು. ಹೊಟ್ಟೆಕಿಚ್ಚಿಗೆ, ಅಣ್ಣಾ. ತಪ್ಪು ಹೊತ್ತವನಿಗೆ ಹೊರಗೆ ಹೋಗಲು ದಾರಿ ಸಿಕ್ಕಿತು, ತಪ್ಪಿಲ್ಲದವನು ಯಾವ ನೆಪ ಹೇಳಿ ಹೋಗಬೇಕು? ಬಲಗಡೆಯೂ ಸ್ವಲ್ಪ ಸೊಟ್ಟ ಬಂದಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ. ಹಡಗು ಮಳೆಗಾಲಕ್ಕೆ ಮುಂಚೆ ಒಮ್ಮೆ ಈ ಬಂದರಿಗೆ ಬರುತ್ತದೆ, ಅಷ್ಟರೊಳಗೆ ಬಾ. ಅಪ್ಪನಿಗಾಗಿ ಬರಬೇಡ. ಬಂದಾಗ ನನ್ನನ್ನು ನೋಡಿ ಗಾಬರಿಯಾಗಬೇಡ. ಮಗ್ಗುಲು ಬದಲಿಸದೆ ಇಟ್ಟ ಮರ ಏನಾಗುತ್ತದೆ ಎಂದು ನಿನಗೆ ಗೊತ್ತೇ ಇದೆ.